ಆಪರೇಷನ್ನಿಗೆ ಮುಂಚಿನ ನಾಲ್ಕು ವಾರ

ಲಿವರ್‌ನಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದು ಗೊತ್ತಾದ ದಿನದಿಂದ ಮನೆಯವರಿಗೆ ನಿದ್ದೆಯಿಲ್ಲ. ಸಾಲ ಸೋಲ ಮಾಡಿ ದುಡ್ಡು ಹೊಂದಿಸಿಕೊಂಡು, ನಾಳೆಯೇ ಆಪರೇಷನ್ ಆಗಿಬಿಡಲಿ ಎಂಬ ತವಕದಲ್ಲಿ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಬರುತ್ತಾರೆ. ಅಲ್ಲಿ ಡಾಕ್ಟರು ಸ್ಕ್ಯಾನ್ ನೋಡಿ, ‘ಗಡ್ಡೆ ತೆಗೆಯಬಹುದು, ಆದರೆ ಈಗಲೇ ಬೇಡ. ಮೊದಲು ಒಂದು ಸಣ್ಣ ಪ್ರೊಸೀಜರ್ ಮಾಡ್ತೀವಿ. ಆಮೇಲೆ ನಾಲ್ಕು ವಾರ ಬಿಟ್ಟು ಬನ್ನಿ’ ಅನ್ನುತ್ತಾರೆ. ‘ಅಷ್ಟರೊಳಗೆ ಹರಡಿಬಿಟ್ರೆ ಏನ್ ಸಾರ್ ಮಾಡೋದು?’ ಎಂಬುದು ಮಗನ ಬಾಯಿಂದ ಬರುವ ಮೊದಲ ಪ್ರಶ್ನೆ. ಡಾಕ್ಟರು ಕಾರಣ ಹೇಳುತ್ತಾರೆ, ಆದರೆ ಆ ಹೊತ್ತಿನ ಗಾಬರಿಯಲ್ಲಿ ಅದು ತಲೆಗೆ ಹೋಗುವುದಿಲ್ಲ. ಕೆಲವರು ಅದೇ ಸಂಜೆ ಫೈಲು ಹಿಡಿದುಕೊಂಡು, ಬೇಗ ಮಾಡಿಕೊಡುವ ಇನ್ನೊಂದು ಆಸ್ಪತ್ರೆ ಹುಡುಕಲು ಹೊರಡುತ್ತಾರೆ.

ಆ ಗಾಬರಿ ಯಾರಿಗಾದರೂ ಅರ್ಥವಾಗುವಂಥದ್ದೇ. ಆದರೂ ಈ ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ: ಆ ನಾಲ್ಕು ವಾರವೂ ಚಿಕಿತ್ಸೆಯೇ. ಅದರಲ್ಲಿ ಅರ್ಧ ಆಸ್ಪತ್ರೆಯ ಕೈಯಲ್ಲಿದ್ದರೆ ಇನ್ನರ್ಧ ಮನೆಯವರ ಕೈಯಲ್ಲಿದೆ. ನಮ್ಮ ಮನೆಗಳಲ್ಲಿ ಪ್ರೀತಿಯಿಂದಲೇ ಮಾಡುವ ಎರಡು ಕೆಲಸಗಳು, ಒಂದು ಕಟ್ಟುನಿಟ್ಟಿನ ಪಥ್ಯ, ಇನ್ನೊಂದು ‘ನೀನು ಏಳಬೇಡ, ಮಲಗಿಕೊಂಡಿರು’ ಎನ್ನುವುದು, ಆ ಅರ್ಧವನ್ನು ಕೆಡಿಸಿಬಿಡುತ್ತವೆ.

ಡಾಕ್ಟರು ಕಾಯಿಸುವುದೇಕೆ ಎಂಬುದನ್ನು ಮೊದಲು ನೋಡೋಣ. ಲಿವರ್ ವಯಸ್ಕರಲ್ಲಿ ಒಂದೂಕಾಲು, ಒಂದೂವರೆ ಕಿಲೋ ತೂಗುವ ಅಂಗ. ಹೊರಗಿನಿಂದ ಒಂದೇ ಮುದ್ದೆಯಂತೆ ಕಂಡರೂ ಒಳಗೆ ಅದಕ್ಕೆ ಎಂಟು ಭಾಗಗಳಿವೆ ಎಂದು 1957ರಲ್ಲಿ ಫ್ರಾನ್ಸಿನ ಕ್ಲೋಡ್ ಕ್ವಿನೋ ತೋರಿಸಿಕೊಟ್ಟರು. ಪ್ರತಿ ಭಾಗಕ್ಕೂ ತನ್ನದೇ ರಕ್ತನಾಳ, ತನ್ನದೇ ಪಿತ್ತನಾಳ. ಹಾಗಾಗಿಯೇ ಒಂದು ಭಾಗವನ್ನು ತೆಗೆದು ಪಕ್ಕದ್ದನ್ನು ಉಳಿಸಿಕೊಳ್ಳಲು ಸಾಧ್ಯ. ಮೂರು ಅಥವಾ ಅದಕ್ಕಿಂತ ಹೆಚ್ಚು ಭಾಗ ತೆಗೆದರೆ ಅದನ್ನು ದೊಡ್ಡ ಆಪರೇಷನ್ ಎನ್ನುತ್ತಾರೆ. ಗಡ್ಡೆ ಬಲಗಡೆ ಆಳದಲ್ಲಿದ್ದರೆ ಬಲಭಾಗವನ್ನು ಪೂರ್ತಿ ತೆಗೆಯಬೇಕಾಗಬಹುದು. ಅಂದರೆ ಲಿವರ್‌ನ ಹೆಚ್ಚುಕಡಿಮೆ ಮೂರನೇ ಎರಡು ಪಾಲು.

ಉಳಿದ ಪಾಲು ಬೆಳೆದು ಜಾಗ ತುಂಬಿಕೊಳ್ಳುತ್ತದೆ ಎಂಬುದು ಈಗ ಎಲ್ಲರಿಗೂ ಗೊತ್ತು. ಮಗನೋ ಮಗಳೋ ಅಪ್ಪನಿಗೆ ಲಿವರ್ ದಾನ ಮಾಡಿ ಆರೋಗ್ಯವಾಗಿ ಓಡಾಡುತ್ತಿರುವ ಸುದ್ದಿಗಳನ್ನು ಓದಿದ್ದೇವೆ. ಆದರೆ ಅದು ಆರೋಗ್ಯವಂತರ ಲಿವರ್. ಲಿವರ್‌ನಲ್ಲೇ ಹುಟ್ಟುವ ಕ್ಯಾನ್ಸರ್ ಬಹುಪಾಲು ಬರುವುದು ಆಗಲೇ ಸಿರೋಸಿಸ್ ಆಗಿ ಗಟ್ಟಿಯಾದ ಲಿವರ್‌ನಲ್ಲಿ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಹೆಂಡ, ಸಕ್ಕರೆ ಕಾಯಿಲೆಯ ಜೊತೆಗೆ ಬರುವ ಫ್ಯಾಟಿ ಲಿವರ್, ಇವುಗಳಲ್ಲಿ ಯಾವುದೋ ಒಂದು ಹತ್ತಿಪ್ಪತ್ತು ವರ್ಷ ಸದ್ದಿಲ್ಲದೆ ಕೆಲಸ ಮಾಡಿರುತ್ತದೆ. ಅಂಥ ಲಿವರ್ ನಿಧಾನವಾಗಿ ಬೆಳೆಯುತ್ತದೆ, ಕೆಲವೊಮ್ಮೆ ಬೆಳೆಯುವುದೇ ಇಲ್ಲ. ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್ ಇದೆ. ಲಿವರ್‌ನ ಕೆಲಸವನ್ನೆಲ್ಲ ತಾನು ವಹಿಸಿಕೊಂಡು ರೋಗಿಯನ್ನು ತಿಂಗಳುಗಟ್ಟಲೆ ಉಳಿಸುವ ಯಂತ್ರ ಇನ್ನೂ ಬಂದಿಲ್ಲ.

ಆದ್ದರಿಂದ ಸರ್ಜನ್ ಕೇಳಿಕೊಳ್ಳುವ ಮೊದಲ ಪ್ರಶ್ನೆ, ಎಷ್ಟು ತೆಗೆಯಬೇಕು ಎನ್ನುವುದಕ್ಕಿಂತ ಎಷ್ಟು ಉಳಿಯುತ್ತದೆ ಎಂಬುದು. ಆರೋಗ್ಯವಾದ ಲಿವರ್ ಆದರೆ ಶೇ 20ರಿಂದ 25ರಷ್ಟು ಉಳಿದರೂ ಸಾಕು. ಕಿಮೋಥೆರಪಿಯಿಂದ ಬಳಲಿದ ಲಿವರ್ ಆದರೆ ಶೇ 30 ಬೇಕು. ಸಿರೋಸಿಸ್ ಆಗಿದ್ದರೆ ಕನಿಷ್ಠ ಶೇ 40.

ಇದನ್ನು ಲೆಕ್ಕ ಹಾಕುವ ಕೆಲಸ ಸಿ.ಟಿ. ಸ್ಕ್ಯಾನ್ ಮೇಲೆ ನಡೆಯುತ್ತದೆ. ಕಂಪ್ಯೂಟರಿನಲ್ಲಿ ಲಿವರ್ ತೆಳುವಾದ ಹೋಳುಗಳಾಗಿ, ಒಂದಾದ ಮೇಲೊಂದು ಚಿತ್ರವಾಗಿ ಬರುತ್ತದೆ. ನಡುವಿನ ರಕ್ತನಾಳವನ್ನು ಗುರುತಿಟ್ಟುಕೊಂಡು, ಎಲ್ಲಿ ಕತ್ತರಿಸುತ್ತೇವೋ ಅಲ್ಲಿ ಪ್ರತಿ ಚಿತ್ರದಲ್ಲೂ ಗೆರೆ ಎಳೆಯುತ್ತಾರೆ. ಗಡ್ಡೆ ತುಂಬಿದ ಜಾಗವನ್ನು ಲೆಕ್ಕದಿಂದ ಕಳೆಯುತ್ತಾರೆ, ಏಕೆಂದರೆ ಅದು ಕೆಲಸ ಮಾಡುವ ಲಿವರ್ ಅಲ್ಲ. ಅರುವತ್ತು ಕಿಲೋ ತೂಕದ, ಐದೂಕಾಲು ಅಡಿ ಎತ್ತರದ ಮನುಷ್ಯನ ಲಿವರ್ ಸುಮಾರು 1,150 ಮಿ.ಲೀ. ಇರುತ್ತದೆ ಎಂದಿಟ್ಟುಕೊಳ್ಳಿ. ಬಲಭಾಗ ಪೂರ್ತಿ ತೆಗೆದರೆ ಎಡಗಡೆ ಉಳಿಯುವುದು ಸುಮಾರು 400 ಮಿ.ಲೀ., ಅಂದರೆ ಶೇ 35. ಸಿರೋಸಿಸ್ ಇರುವವರಿಗೆ ಬೇಕಾದದ್ದು 460. ಕೊರತೆ ಕೇವಲ 60 ಮಿ.ಲೀ., ಒಂದು ಬೈಟು ಕಾಫಿಯಷ್ಟು. ಅಷ್ಟರ ಮೇಲೆ ಒಂದು ಜೀವ ನಿಂತಿರುತ್ತದೆ.

ಸಾಲದಿದ್ದರೆ ಏನಾಗುತ್ತದೆ? ಆಪರೇಷನ್ ಚೆನ್ನಾಗಿಯೇ ಆಗಿರುತ್ತದೆ. ಮೂರನೆಯ ದಿನದಿಂದ ಕಣ್ಣು ಹಳದಿಯಾಗುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ, ರೋಗಿಗೆ ಮಂಪರು. ಪ್ಯಾರಿಸ್ ಪಕ್ಕದ ಬೋಜೋನ್ ಆಸ್ಪತ್ರೆಯವರು 2005ರಲ್ಲಿ ಪ್ರಕಟಿಸಿದ ಲೆಕ್ಕವೊಂದನ್ನು ಈಗ ಎಲ್ಲ ಕಡೆ ಬಳಸುತ್ತಾರೆ. ಆಪರೇಷನ್ನಿನ ಐದನೆಯ ದಿನ ರಕ್ತ ಹೆಪ್ಪುಗಟ್ಟುವ ಶಕ್ತಿ ಶೇ 50ಕ್ಕಿಂತ ಕೆಳಗಿಳಿದು, ಬಿಲಿರುಬಿನ್ ಲೀಟರಿಗೆ 50 ಮೈಕ್ರೋಮೋಲ್, ಅಂದರೆ ನಮ್ಮ ಲ್ಯಾಬ್ ರಿಪೋರ್ಟಿನ ಲೆಕ್ಕದಲ್ಲಿ ಸುಮಾರು 3 ದಾಟಿದ್ದರೆ, ಅಂಥ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದುಕುಳಿಯಲಿಲ್ಲ. ಇದನ್ನು ತಪ್ಪಿಸಲೆಂದೇ ಆ ಕಾಯುವಿಕೆ.

ಡಾಕ್ಟರು ಹೇಳಿದ ‘ಸಣ್ಣ ಪ್ರೊಸೀಜರ್’ ಏನು ಎಂಬುದಕ್ಕೆ ನೂರು ವರ್ಷ ಹಿಂದಕ್ಕೆ ಹೋಗಬೇಕು. ಕರುಳಿನಿಂದ ಆಹಾರದ ಸಾರವನ್ನೆಲ್ಲ ಹೊತ್ತು ಲಿವರ್‌ಗೆ ಬರುವ ದೊಡ್ಡ ರಕ್ತನಾಳ ಪೋರ್ಟಲ್ ವೇನ್. ಲಿವರ್‌ಗೆ ಸೇರುವ ರಕ್ತದಲ್ಲಿ ಮುಕ್ಕಾಲು ಪಾಲು ಇದರ ಮೂಲಕವೇ. 1920ರಲ್ಲಿ ಅಮೆರಿಕದ ಪೇಟನ್ ರೌಸ್ ಮತ್ತು ಲೂಯಿಸ್ ಲ್ಯಾರಿಮೋರ್ ಮೊಲಗಳಲ್ಲಿ ಈ ನಾಳದ ಒಂದು ಕವಲನ್ನು ಕಟ್ಟಿಹಾಕಿ ನೋಡಿದರು. ರಕ್ತ ತಪ್ಪಿದ ಭಾಗ ಸೊರಗಿತು, ರಕ್ತವೆಲ್ಲ ಹರಿದುಹೋದ ಇನ್ನೊಂದು ಭಾಗ ದಪ್ಪವಾಯಿತು. ಇದೇ ರೌಸ್‌ಗೆ ವೈರಸ್ಸಿನಿಂದ ಗಡ್ಡೆ ಬರಬಹುದೆಂದು ಕಂಡುಹಿಡಿದದ್ದಕ್ಕೆ 1966ರಲ್ಲಿ ನೊಬೆಲ್ ಬಂತು. ಮೊಲಗಳ ಆ ಪ್ರಯೋಗವನ್ನು ಕ್ಯಾನ್ಸರ್ ರೋಗಿಗಳ ಉಪಯೋಗಕ್ಕೆ ತಂದವರಲ್ಲಿ ಜಪಾನಿನ ಸರ್ಜನ್ ಮಸತೋಶಿ ಮಕುಚಿ ಮುಖ್ಯರು. 1980ರ ದಶಕದಲ್ಲಿ ಶುರುಮಾಡಿದ ಕೆಲಸವನ್ನು ಅವರು 1990ರಲ್ಲಿ ಪ್ರಕಟಿಸಿದರು. ಆಪರೇಷನ್ನಿನಲ್ಲಿ ತೆಗೆಯಲಿರುವ ಬಲಭಾಗದ ಪೋರ್ಟಲ್ ಕವಲನ್ನು ಮೊದಲೇ ಮುಚ್ಚಿಬಿಟ್ಟರೆ, ಉಳಿಯಲಿರುವ ಎಡಭಾಗ ಆಪರೇಷನ್ನಿಗೆ ಮುಂಚೆಯೇ ಬೆಳೆಯತೊಡಗುತ್ತದೆ.

ಇದಕ್ಕೆ ಹೊಟ್ಟೆ ಕೊಯ್ಯಬೇಕಿಲ್ಲ. ಪಕ್ಕೆಯ ಬಳಿ ಚರ್ಮ ಜೋಮು ಹಿಡಿಸಿ, ಅಲ್ಟ್ರಾಸೌಂಡ್ ನೋಡುತ್ತ ಸೂಜಿ ತೂರಿಸಿ, ಅದರ ದಾರಿಯಲ್ಲೇ ತೆಳು ನಳಿಕೆ ಕಳಿಸಿ, ಬಲಗವಲಿನೊಳಗೆ ಅಂಟು ಅಥವಾ ಸಣ್ಣ ಕಾಯಿಲ್ ತುಂಬಿಸುತ್ತಾರೆ. ಒಂದೆರಡು ದಿನ ಸಣ್ಣ ಜ್ವರ, ನೋವು ಬರಬಹುದು, ಅಷ್ಟೆ. ಲಿವರ್ ಕ್ಯಾನ್ಸರಿನಲ್ಲಿ ಇನ್ನೊಂದು ಎಚ್ಚರವೂ ಬೇಕು. ಈ ಗಡ್ಡೆ ಬದುಕುವುದು ಬಹುಮಟ್ಟಿಗೆ ಅಪಧಮನಿಯ ರಕ್ತದಿಂದ. ಪೋರ್ಟಲ್ ಕವಲು ಮುಚ್ಚಿದಾಗ ಆ ಕಡೆಗೆ ಅಪಧಮನಿಯ ಹರಿವು ಹೆಚ್ಚಿ, ಗಡ್ಡೆಗೇ ಅನುಕೂಲವಾಗಬಹುದು. ಆದ್ದರಿಂದ ಅನೇಕ ಕಡೆ ಮೊದಲು ತೊಡೆಸಂದಿಯ ಅಪಧಮನಿಯಿಂದ ಗಡ್ಡೆಯವರೆಗೆ ನಳಿಕೆ ಕಳಿಸಿ, ಕಿಮೋ ಔಷಧಿ ಬಿಟ್ಟು ಅದರ ರಕ್ತ ನಿಲ್ಲಿಸುತ್ತಾರೆ. ಡಾಕ್ಟರುಗಳ ಬಾಯಲ್ಲಿ ಇದು ‘ಟೇಸ್’. ಒಂದೆರಡು ವಾರದ ಮೇಲೆ ಪೋರ್ಟಲ್ ಕವಲು ಮುಚ್ಚುವುದು. ‘ಹರಡಿಬಿಟ್ರೆ?’ ಎಂದ ಮಗನಿಗೆ ಇದೂ ಒಂದು ಉತ್ತರ: ಕಾಯುವ ಹೊತ್ತಿನಲ್ಲಿ ಗಡ್ಡೆಯನ್ನು ಅದರ ಪಾಡಿಗೆ ಬಿಟ್ಟಿರುವುದಿಲ್ಲ.

ನಾಲ್ಕು ವಾರದ ಮೇಲೆ ಮತ್ತೆ ಸ್ಕ್ಯಾನ್, ಮತ್ತೆ ಅದೇ ಗೆರೆ, ಅದೇ ಲೆಕ್ಕ. ಎಷ್ಟು ಬೆಳೆಯಿತು ಎಂಬುದರ ಜೊತೆಗೆ ಎಷ್ಟು ವೇಗವಾಗಿ ಬೆಳೆಯಿತು ಎಂಬುದನ್ನೂ ನೋಡುತ್ತಾರೆ. ವಾರಕ್ಕೆ ಶೇ 2ರಷ್ಟಾದರೂ ಏರಿದ್ದರೆ ಒಳ್ಳೆಯ ಲಕ್ಷಣ. ಏರದಿದ್ದರೆ, ಆಪರೇಷನ್ ಆದ ಮೇಲೂ ಆ ಲಿವರ್ ಬೆಳೆಯುವುದಿಲ್ಲ ಎಂಬ ಸತ್ಯ ಆಪರೇಷನ್ನಿಗೆ ಮುಂಚೆಯೇ ತಿಳಿದಂತಾಯಿತು. ನನ್ನ ಮಟ್ಟಿಗೆ ಈ ಇಡೀ ವಿಧಾನದ ಅತಿ ದೊಡ್ಡ ಉಪಕಾರವೇ ಇದು.

ಅಳತೆಯ ಜೊತೆಗೆ ಕಸುವಿನ ಪರೀಕ್ಷೆಯೂ ಆಗಬೇಕು. ಬಿಲಿರುಬಿನ್, ಅಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಸಮಯ, ಹೊಟ್ಟೆಯ ನೀರು, ಮಂಪರು ಈ ಐದಕ್ಕೂ ಅಂಕ ಕೊಟ್ಟು ಕೂಡುವ ಚೈಲ್ಡ್–ಪ್ಯೂ ಲೆಕ್ಕದಲ್ಲಿ 5 ಅಥವಾ 6 ಬಂದವರಿಗೆ ಮಾತ್ರ ದೊಡ್ಡ ಆಪರೇಷನ್ನಿನ ಯೋಚನೆ. ಜಪಾನಿನಲ್ಲಿ ಹಸಿರು ಬಣ್ಣದ ಔಷಧಿಯೊಂದನ್ನು ರಕ್ತಕ್ಕೆ ಬಿಟ್ಟು, 15 ನಿಮಿಷದ ಮೇಲೆ ಎಷ್ಟು ಉಳಿದಿದೆ ಎಂದು ನೋಡುತ್ತಾರೆ. ಶೇ 10ಕ್ಕಿಂತ ಕಡಿಮೆ ಉಳಿದಿದ್ದರೆ ಲಿವರ್‌ಗೆ ಒಳ್ಳೆಯ ಕಸುವಿದೆ ಎಂದರ್ಥ. ಪ್ಲೇಟ್ಲೆಟ್ ಒಂದು ಲಕ್ಷಕ್ಕಿಂತ ಕೆಳಗಿದ್ದು ಗುಲ್ಮ ದೊಡ್ಡದಾಗಿದ್ದರೆ, ಪೋರ್ಟಲ್ ನಾಳದಲ್ಲಿ ಒತ್ತಡ ಹೆಚ್ಚಿದೆ ಎಂಬ ಅನುಮಾನ. ಆಗ ಎಂಡೋಸ್ಕೋಪಿ ಮಾಡಿ ಅನ್ನನಾಳದಲ್ಲಿ ಉಬ್ಬಿದ ರಕ್ತನಾಳಗಳಿವೆಯೇ ಎಂದು ನೋಡುತ್ತಾರೆ. ಹೆಪಟೈಟಿಸ್ ಬಿ ಇದ್ದವರಿಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಮಾತ್ರೆ ಆಪರೇಷನ್ನಿಗೆ ಮುಂಚೆಯೇ ಶುರುವಾಗಬೇಕು, ಇಲ್ಲದಿದ್ದರೆ ಆಪರೇಷನ್ ಆದ ಮೇಲೆ ವೈರಸ್ ತಲೆಯೆತ್ತಿ, ಉಳಿದ ಲಿವರ್‌ಗೂ ಏಟು ಬೀಳಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಈ ಔಷಧಿ ಉಚಿತ. ಕೇಳಿ ಪಡೆಯಿರಿ.

ಇಷ್ಟು ಆಸ್ಪತ್ರೆಯ ಪಾಲು. ಪ್ರೊಸೀಜರ್ ಮುಗಿಸಿ ರೋಗಿ ರಾಯಚೂರಿಗೋ ಚಿತ್ರದುರ್ಗಕ್ಕೋ ತನ್ನೂರಿಗೆ ಹೋಗುತ್ತಾರೆ. ಅಲ್ಲಿಂದ ಮುಂದಿನದು ಅಡುಗೆಮನೆಯ ಪಾಲು.

ಲಿವರ್ ಕಾಯಿಲೆ ಅಂದ ಕೂಡಲೇ ನಮ್ಮಲ್ಲಿ ಕಾಮಾಲೆಯ ಪಥ್ಯ ಶುರುವಾಗುತ್ತದೆ. ಎಣ್ಣೆ ಬೇಡ, ಬೇಳೆ ಬೇಡ, ಮೊಟ್ಟೆಯ ಮಾತೇ ಇಲ್ಲ, ಹಾಲು ಮೊಸರು ಮುಟ್ಟುವಂತಿಲ್ಲ. ಎರಡು ಹೊತ್ತು ತಿಳಿಗಂಜಿ, ಮಧ್ಯೆ ಬ್ರೆಡ್ಡು, ಎಳನೀರು. ಇದನ್ನು ಮಾಡಿಕೊಡುವ ಹೆಂಡತಿ, ಸೊಸೆ ತಾವೂ ಅರೆಹೊಟ್ಟೆ ಉಂಡು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆಂದರೆ, ಇದು ತಪ್ಪು ಎನ್ನಲು ಡಾಕ್ಟರುಗಳಿಗೂ ನಾಲಗೆ ಏಳುವುದಿಲ್ಲ. ಆದರೂ ಹೇಳಲೇಬೇಕು. ಸಿರೋಸಿಸ್ ಇರುವವರಿಗೆ, ಅದರಲ್ಲೂ ಆಪರೇಷನ್ನಿಗೆ ಸಿದ್ಧವಾಗುತ್ತಿರುವವರಿಗೆ, ಒಂದು ಕಿಲೋ ದೇಹತೂಕಕ್ಕೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೋಟೀನ್ ಬೇಕು. ಅರುವತ್ತು ಕಿಲೋ ಇದ್ದವರಿಗೆ 72ರಿಂದ 90 ಗ್ರಾಂ. ಗಂಜಿ ಬ್ರೆಡ್ಡಿನಲ್ಲಿ ಮೂವತ್ತು ಮುಟ್ಟುವುದೂ ಕಷ್ಟ. ಪ್ರೋಟೀನ್ ತಿಂದರೆ ಮಂಪರು ಬರುತ್ತದೆ ಎಂಬ ಹಳೆಯ ಭಯವನ್ನು ವೈದ್ಯಲೋಕ ಬಿಟ್ಟು ಬಹಳ ಕಾಲವಾಯಿತು.

ಬೇಕಾದದ್ದೆಲ್ಲ ನಮ್ಮ ಅಡುಗೆಯಲ್ಲೇ ಇದೆ. ಎರಡು ಮೊಟ್ಟೆಯಲ್ಲಿ 12 ಗ್ರಾಂ, ಲೋಟ ಹಾಲಿನಲ್ಲಿ ಆರೇಳು ಗ್ರಾಂ, ಒಂದು ಹಿಡಿ ಕಡಲೆಕಾಯಿ ಬೀಜದಲ್ಲಿ ಏಳೆಂಟು. ಬೂಷ್ಟು ಹಿಡಿದ ಬೀಜವನ್ನು ಮಾತ್ರ ಹಾಗೇ ಎಸೆದುಬಿಡಿ, ಅದರಲ್ಲಿರುವ ಅಫ್ಲಾಟಾಕ್ಸಿನ್ ಲಿವರ್ ಕ್ಯಾನ್ಸರಿಗೇ ಒಂದು ಕಾರಣ. ಮೊಳಕೆ ಹೆಸರುಕಾಳಿನ ಉಸಲಿ, ಮುದ್ದೆಗೆ ಹುರುಳಿಕಾಳಿನ ಬಸ್ಸಾರು, ಒಂದು ಬಟ್ಟಲು ಮೊಸರು, ತಿನ್ನುವವರಿಗೆ ಮೀನು, ಕೋಳಿ. ಉಪ್ಪು ಕಡಿಮೆ ಮಾಡಬೇಕಾದದ್ದು ಹೊಟ್ಟೆಯಲ್ಲಿ ನೀರಿದ್ದವರು. ಸಕ್ಕರೆ ಕಾಯಿಲೆ ಇದ್ದವರು, ಕಿಡ್ನಿ ತೊಂದರೆ ಇದ್ದವರು ಡಯಟಿಷಿಯನ್ ಹತ್ತಿರ ತಮ್ಮದೇ ಪಟ್ಟಿ ಬರೆಸಿಕೊಳ್ಳಬೇಕು.

ಒಂದೇ ಒಂದು ಬದಲಾವಣೆ ಮಾಡಲು ಆಗುವುದಾದರೆ ಯಾವುದು ಎಂದು ಯಾರಾದರೂ ಕೇಳಿದರೆ, ರಾತ್ರಿ ಮಲಗುವಾಗ ಏನಾದರೂ ತಿನ್ನಿಸಿ ಎನ್ನುತ್ತೇನೆ. ಆರೋಗ್ಯವಾದ ಲಿವರ್ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆಯನ್ನು ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಸಿರೋಸಿಸ್ ಆದ ಲಿವರ್‌ನಲ್ಲಿ ಆ ದಾಸ್ತಾನು ಇರುವುದಿಲ್ಲ. ಎಂಟು ಗಂಟೆಗೆ ಊಟ ಮಾಡಿ ಬೆಳಿಗ್ಗೆ ಎಂಟಕ್ಕೆ ತಿಂಡಿ ತಿಂದರೆ, ನಮಗೆ ಎರಡು ಮೂರು ದಿನದ ಉಪವಾಸದಲ್ಲಿ ಆಗುವಂಥದ್ದು ಅವರಿಗೆ ಆ ಒಂದೇ ರಾತ್ರಿಯಲ್ಲಿ ಆಗುತ್ತದೆ. ದೇಹ ತನ್ನ ಸ್ನಾಯುವನ್ನೇ ಕರಗಿಸಿ ಸಕ್ಕರೆ ಮಾಡಿಕೊಳ್ಳುತ್ತದೆ. ತೊಡೆ ತೋಳು ಸೊರಗುವುದು ಹೀಗೆ. ನ್ಯೂಜಿಲೆಂಡಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸಿರೋಸಿಸ್ ರೋಗಿಗಳ ಒಂದು ಗುಂಪಿಗೆ ಪೂರಕ ಆಹಾರವನ್ನು ಹಗಲಿನಲ್ಲಿ, ಇನ್ನೊಂದಕ್ಕೆ ರಾತ್ರಿ ಕೊಟ್ಟು ಒಂದು ವರ್ಷ ನೋಡಿದರು. ರಾತ್ರಿ ತಿಂದವರ ಮೈಯಲ್ಲಿ ಪ್ರೋಟೀನ್ ಹೆಚ್ಚಿತು, ಹಗಲು ತಿಂದವರಲ್ಲಿ ಹೆಚ್ಚಲಿಲ್ಲ. ಹಾಲು ಬೆರೆಸಿದ ಒಂದು ಲೋಟ ರಾಗಿ ಮಾಲ್ಟ್ ಮತ್ತು ಒಂದು ಬಾಳೆಹಣ್ಣು, ಅಥವಾ ಮೊಸರವಲಕ್ಕಿ, ರಾತ್ರಿ ಹತ್ತಕ್ಕೆ. ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೇ ತಿಂಡಿ.

ಇನ್ನು ಮಲಗಿಕೊಂಡಿರುವ ವಿಷಯ. ಸ್ನಾಯು ಉಳಿಯಬೇಕಾದರೆ ಅದಕ್ಕೆ ಕೆಲಸ ಕೊಡಬೇಕು. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ದೊಡ್ಡಕರುಳಿನ ಕ್ಯಾನ್ಸರ್ ಲಿವರ್‌ಗೆ ಹರಡಿದವರಿಗೆ ಆಪರೇಷನ್ನಿಗೆ ಮುಂಚೆ ನಾಲ್ಕು ವಾರದಲ್ಲಿ 12 ಬಾರಿ ಸೈಕಲ್ ತುಳಿಸಿ ನೋಡಿದರು. ಅಷ್ಟರಲ್ಲೇ ಅವರ ದಮ್ಮು ಗಣನೀಯವಾಗಿ ಸುಧಾರಿಸಿತ್ತು. 2016ರಲ್ಲಿ ಇದು ಪ್ರಕಟವಾಯಿತು. ನಮ್ಮವರಿಗೆ ಸೈಕಲ್ಲೇ ಬೇಕಾಗಿಲ್ಲ. ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ, ಸ್ವಲ್ಪ ಏದುಸಿರು ಬರುವಷ್ಟು ಬಿರುಸಾಗಿ ನಡೆದರೂ ಆಯಿತು. ಕುರ್ಚಿಯಿಂದ ಕೈಯೂರದೆ ಹತ್ತು ಸಲ ಎದ್ದು ಕೂರುವುದು ತೊಡೆಗೆ ಒಳ್ಳೆಯ ಕಸರತ್ತು. ಅನ್ನನಾಳದಲ್ಲಿ ಉಬ್ಬಿದ ನಾಳಗಳಿದ್ದವರು, ಹೃದಯದ ತೊಂದರೆ ಇದ್ದವರು ಭಾರ ಎತ್ತುವ ಮುಂಚೆ ಡಾಕ್ಟರನ್ನು ಕೇಳಬೇಕು. ಹೊಟ್ಟೆಯ ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದ ಮೇಲೆ ಉಸಿರೆಳೆಯುವುದೇ ನೋವು. ಶ್ವಾಸಕೋಶದ ತಳ ಕುಸಿದು ನ್ಯುಮೋನಿಯಾ ಬರುವುದು ಆಗಲೇ. ಅದಕ್ಕಾಗಿ ಮೂರು ಬಣ್ಣದ ಚೆಂಡುಗಳಿರುವ ಸ್ಪೈರೋಮೀಟರ್ ಕೊಟ್ಟು ಮೊದಲೇ ರೂಢಿ ಮಾಡಿಸುತ್ತಾರೆ. ಬಹಳ ಮಂದಿ ಅದನ್ನು ಬಲೂನಿನ ಹಾಗೆ ಊದುತ್ತಾರೆ. ಅದು ಊದುವುದಕ್ಕಲ್ಲ, ಎಳೆಯುವುದಕ್ಕೆ. ಬಾಯಲ್ಲಿ ನಳಿಕೆ ಕಚ್ಚಿ, ನಿಧಾನವಾಗಿ ಉಸಿರು ಒಳಗೆಳೆದು, ಚೆಂಡು ಮೇಲೆ ನಿಲ್ಲುವಂತೆ ಎರಡು ಮೂರು ಸೆಕೆಂಡ್ ಹಿಡಿಯಬೇಕು. ಗಂಟೆಗೆ ಹತ್ತು ಸಲ.

ಹೆಂಡ, ಬೀಡಿ, ಸಿಗರೇಟು ಕನಿಷ್ಠ ನಾಲ್ಕು ವಾರ ಮುಂಚೆಯೇ ನಿಲ್ಲಬೇಕು, ಇದರಲ್ಲಿ ರಿಯಾಯಿತಿಯಿಲ್ಲ. ನಾಟಿ ಔಷಧಿಯ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಅಕ್ಕರೆಯ ಬಂಧುಗಳು ಹೇಳಿದ್ದಕ್ಕೆ ಅಮೃತಬಳ್ಳಿ ಕಷಾಯವನ್ನೋ ಊರಿನ ಪಂಡಿತರ ಪುಡಿಯನ್ನೋ ಗುಟ್ಟಾಗಿ ತೆಗೆದುಕೊಳ್ಳುವವರು ಬಹಳ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ಊತ ಕಂಡ ಪ್ರಕರಣಗಳನ್ನು ಮುಂಬೈ ಸೇರಿ ದೇಶದ ಹಲವೆಡೆಯ ಲಿವರ್ ತಜ್ಞರು ವರದಿ ಮಾಡಿದ್ದಾರೆ. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಾದ ಏನೇ ಇರಲಿ, ಮಿ.ಲೀ. ಲೆಕ್ಕದಲ್ಲಿ ಬದುಕು ತೂಗುತ್ತಿರುವ ಲಿವರ್‌ನ ಮೇಲೆ ಅಂಥ ಪ್ರಯೋಗ ಬೇಡ. ಕುಡಿದಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ, ಅವರು ಬೈದರೂ ಪರವಾಗಿಲ್ಲ. ಮೈಕೈ ನೋವಿಗೆ ಮೆಡಿಕಲ್ ಅಂಗಡಿಯಿಂದ ತರುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಕೂಡ ಸಿರೋಸಿಸ್ ಇದ್ದವರ ಕಿಡ್ನಿಗೆ ಅಪಾಯ.

ಇಷ್ಟೆಲ್ಲ ಮಾಡಬೇಕಾದ ವ್ಯಕ್ತಿಗೆ ತನಗೇನಾಗಿದೆ ಎಂದೇ ಗೊತ್ತಿಲ್ಲದಿದ್ದರೆ? ನಮ್ಮ ಎಷ್ಟೋ ಮನೆಗಳಲ್ಲಿ ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳುವುದಿಲ್ಲ. ‘ಸಣ್ಣ ಗಂಟು ಇದೆಯಂತೆ’ ಎಂದು ತೇಲಿಸಿಬಿಡುತ್ತಾರೆ. ಡಾಕ್ಟರಿಗೂ ಕಣ್ಣಲ್ಲೇ ಸನ್ನೆ. ಸಣ್ಣ ಗಂಟಿಗೋಸ್ಕರ ಮೂವತ್ತು ವರ್ಷದ ಕುಡಿತವನ್ನು ಯಾರು ಬಿಡುತ್ತಾರೆ? ಬೆಳಿಗ್ಗೆ ಐದೂವರೆಗೆ ಎದ್ದು ಯಾರು ನಡೆಯುತ್ತಾರೆ? ಬೇಡವೆನಿಸಿದಾಗಲೂ ಎರಡನೆಯ ಮೊಟ್ಟೆಯನ್ನು ಯಾರು ತಿನ್ನುತ್ತಾರೆ? ತನ್ನ ದೇಹದ ಕೆಲಸವನ್ನು ತಾನೇ ಮಾಡಬೇಕಾದವರಿಗೆ ತಿಳಿಯುವ ಹಕ್ಕಿದೆ, ಮತ್ತು ತಿಳಿದವರೇ ಹೆಚ್ಚು ಧೈರ್ಯವಾಗಿ ಸಿದ್ಧರಾಗುತ್ತಾರೆ ಎಂಬುದು ನನ್ನ ದೃಢವಾದ ನಂಬಿಕೆ. ಒಂದೇ ಸಲಕ್ಕೆ ಎಲ್ಲವನ್ನೂ ಹೇಳಬೇಕಾಗಿಲ್ಲ. ಕೇಳಿದ್ದಕ್ಕೆ ಸುಳ್ಳು ಹೇಳದಿದ್ದರೆ ಸಾಕು.

ಆಪರೇಷನ್ನಿನ ಹಿಂದಿನ ರಾತ್ರಿಯ ಪದ್ಧತಿಯೂ ಬದಲಾಗಿದೆ. ರಾತ್ರಿ ಹತ್ತರಿಂದ ನೀರೂ ಇಲ್ಲದೆ ಒಣಗಿಸುತ್ತಿದ್ದ ಕಾಲ ಹೋಯಿತು. ಗಟ್ಟಿ ಆಹಾರ ಆರು ಗಂಟೆ ಮುಂಚಿನವರೆಗೆ, ತಿಳಿಯಾದ ಪಾನೀಯ ಎರಡು ಗಂಟೆ ಮುಂಚಿನವರೆಗೆ ಕೊಡಬಹುದು ಎಂಬುದು ಈಗಿನ ಮಾರ್ಗದರ್ಶಿಗಳ ಮಾತು. ನಿಮ್ಮ ಅರಿವಳಿಕೆ ಡಾಕ್ಟರು ನಿಮ್ಮ ಸ್ಥಿತಿ ನೋಡಿ ಹೇಳಿದ್ದೇ ಕೊನೆ. ಆದರೆ ಕೇಳಲು ಅಂಜಬೇಡಿ.

ನಾಲ್ಕು, ಕೆಲವೊಮ್ಮೆ ಆರು ವಾರ ಕಾದರೂ ಎಡಭಾಗ ಬೆಳೆಯದವರಿದ್ದಾರೆ. ಅವರಿಗೆ ಆಪರೇಷನ್ ಬೇಡವೆಂದಾಗ ಮನೆಯವರಿಗೆ ಆಕಾಶವೇ ಕಳಚಿ ಬಿದ್ದಂತಾಗುತ್ತದೆ. ಬೇರೆ ದಾರಿಗಳಿವೆ. ಟೇಸ್ ಮುಂದುವರಿಸಬಹುದು, ಗಡ್ಡೆ ಸಣ್ಣದಿದ್ದರೆ ಸೂಜಿಯ ಮೂಲಕ ಸುಡಬಹುದು, ಮಾತ್ರೆ ಮತ್ತು ಇಮ್ಯುನೋಥೆರಪಿಯ ಚುಚ್ಚುಮದ್ದುಗಳಿವೆ. ಲಿವರ್ ಕಸಿಯೂ ಇದೆ, ಆದರೆ ಅದಕ್ಕೆ ಮಿತಿಯಿದೆ. ಇಟಲಿಯ ವಿನ್ಚೆನ್ಸೊ ಮಜ್ಜಾಫೆರೊ 1996ರಲ್ಲಿ ಹಾಕಿಕೊಟ್ಟ ಮಿಲಾನ್ ಮಾನದಂಡದ ಪ್ರಕಾರ 5 ಸೆಂ.ಮೀ. ಮೀರದ ಒಂದು ಗಡ್ಡೆ, ಇಲ್ಲವೇ ತಲಾ 3 ಸೆಂ.ಮೀ. ಮೀರದ ಮೂರು ಗಡ್ಡೆಗಳವರೆಗೆ ಮಾತ್ರ ಕಸಿಯಿಂದ ಒಳ್ಳೆಯ ಫಲ. ಬಲಭಾಗವನ್ನೇ ತೆಗೆಯಬೇಕಾದಷ್ಟು ದೊಡ್ಡ ಗಡ್ಡೆ ಬಹಳ ಸಲ ಆ ಗೆರೆಯ ಆಚೆಗಿರುತ್ತದೆ. ಈಚೆಗಿದ್ದರೆ ಮನೆಯಲ್ಲಿ ದಾನ ಮಾಡಬಲ್ಲವರು ಯಾರು, ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಪಟ್ಟಿಗೆ ಆಸ್ಪತ್ರೆಯ ಮೂಲಕ ಹೆಸರು ಯಾವಾಗ ಸೇರಿಸುವುದು ಎಂಬ ಮಾತನ್ನು ಎರಡನೆಯ ಸ್ಕ್ಯಾನಿನ ಫಲಿತಾಂಶಕ್ಕೆ ಕಾಯದೆ, ಆ ನಾಲ್ಕು ವಾರಗಳೊಳಗೇ ಡಾಕ್ಟರ ಮುಂದೆ ಎತ್ತಿ.